ಮೈಯ ಮೇಲಣ ಮಸಿಯ ಚುಕ್ಕೆ

೧

ಮೈಯ ಮೇಲಣ ಕಲೆಯನ್ನು ಭೂಷಣವಾಗಿ ಮಾರ್ಪಡಿಸುವುದು ಭಾರತೀಯ ಕವಿಗಳಿಗೆ ಬಹುಕಾಲದಿಂದ ರೂಢಿಯಾದ ಕೆಲಸ. ಚಂದ್ರನ ಕಳಂಕವು ಅವನ ಚೆಲುವಿಗೆ ಕುಂದನ್ನು ತರುವುದಿಲ್ಲವೆಂಬ ಮಾತು ಕಾಳಿದಾಸನ ಕಾಲದಿಂದಲೂ ಬಳಕೆಯಲ್ಲಿದೆ. ಭೃಗುಮಹರ್ಷಿಯ ಪಾದಪ್ರಹಾರದ ಗುರುತನ್ನು ವಿಷ್ಣುವು ಎದೆಯ ಮೇಲೆ ಆದರದಿಂದ ಧರಿಸಿದನೆಂದು ಪುರಾಣವು ಹೇಳುತ್ತದೆ. ಹಾಲಾಹಲವನ್ನು ಕುಡಿದ ಶಿವನ ಕೊರಳ ಕಪ್ಪು ಆತನ ಕರುಣೆಗೆ ಸಾಕ್ಷಿಯಾಗಿ ಸ್ತೋತ್ರಕ್ಕೆ ವಿಷಯವಾಯಿತು. ಬೆನ್ನಿನ ಗಾಯವು ಅಪಮಾನವೆಂದೂ ಎದೆಯ ಗಾಯವು ಕೀರ್ತಿಯೆಂದೂ ವೀರಕಾವ್ಯಗಳು ಭೇದವೆಣಿಸಿದುವು. ಈ ಎಲ್ಲ ಗುರುತುಗಳಿಗೂ ಒಂದೊಂದು ಕಥೆಯುಂಟು. ಆ ಕಥೆಯಿಂದಲೇ ಅವಕ್ಕೆ ಅರ್ಥ ಬಂದಿದೆ. ಕಥೆಯನ್ನು ಹೇಳದ, ಹೇಳಲು ಬಾರದ ಗುರುತೊಂದು ಮೈಯ ಮೇಲೆ ಉಳಿದರೆ ಸಾಹಿತ್ಯವು ಅದನ್ನು ಏನು ಮಾಡಬೇಕು?

ಇದು ಬರಿಯ ಅಲಂಕಾರಶಾಸ್ತ್ರದ ಪ್ರಶ್ನೆಯೆಂದು ತಳ್ಳುವಂತಿಲ್ಲ. ಸ್ತನದ ಕ್ಯಾನ್ಸರಿಗಾಗಿ ಕಿರಣಚಿಕಿತ್ಸೆಯನ್ನು ಪಡೆದ ಸ್ತ್ರೀಯರಲ್ಲಿ ಅನೇಕರು ಎದೆಯ ನಡುವೆಯೂ ಪಕ್ಕೆಗಳಲ್ಲಿಯೂ ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಮೂರು ನಾಲ್ಕು ಮಸಿಯ ಚುಕ್ಕೆಗಳನ್ನು ಹೊತ್ತು ಬದುಕುತ್ತಿದ್ದಾರೆ. ಚಿಕಿತ್ಸೆ ಮುಗಿದು, ನೆಂಟರಿಷ್ಟರು ವಿಚಾರಿಸುವುದನ್ನು ಬಿಟ್ಟು, ಮನೆಯ ಕೆಲಸ ಎಂದಿನಂತೆ ನಡೆಯತೊಡಗಿದ ಮೇಲೆಯೂ ಈ ಚುಕ್ಕೆಗಳು ಉಳಿಯುತ್ತವೆ. ಅವು ನೋಯುವುದಿಲ್ಲ, ಬೆಳೆಯುವುದಿಲ್ಲ, ಮಾಸುವುದೂ ಇಲ್ಲ. ರವಿಕೆಯ ಕೊರಳಂಚಿನಲ್ಲಿ ಒಂದು ಕೆಲವೊಮ್ಮೆ ಇಣುಕುತ್ತದೆ. ಕೇಳಿದವರಿಗೆ ಮಚ್ಚೆಯೆಂದು ಹೇಳಿ ಮಾತು ಮುಗಿಸಬಹುದು. ತನಗೆ ತಾನು ಹಾಗೆ ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಈ ರೋಗವನ್ನು ಕುರಿತು ಕಳೆದ ಅರ್ಧಶತಮಾನದಲ್ಲಿ ಉತ್ತಮವಾದ ಸಾಹಿತ್ಯ ಹುಟ್ಟಿದೆ. ಅದು ಈ ಸಣ್ಣ ಗುರುತಿಗೆ ಎಷ್ಟರ ಮಟ್ಟಿಗೆ ನ್ಯಾಯ ಸಲ್ಲಿಸಿದೆಯೆಂಬುದು ಇಲ್ಲಿ ವಿಚಾರಮಾಡತಕ್ಕ ವಿಷಯ.

೨

ಗುರುತಿನ ಸ್ವರೂಪವನ್ನು ತಿಳಿಯದೆ ಅದರ ಸಾಹಿತ್ಯವನ್ನು ತೂಗಲಾಗದು. ರಾಂಟ್‌ಜನ್ನನು ೧೮೯೫ರ ನವೆಂಬರಿನಲ್ಲಿ ಕ್ಷಕಿರಣವನ್ನು ಕಂಡುಹಿಡಿದ ಸ್ವಲ್ಪ ಕಾಲದಲ್ಲಿಯೇ ವೈದ್ಯರು ಅದನ್ನು ಅರ್ಬುದಗಳ ಮೇಲೆ ಪ್ರಯೋಗಿಸತೊಡಗಿದರು. ಕಿರಣವು ಕಣ್ಣಿಗೆ ಕಾಣುವುದಿಲ್ಲ. ಅದು ರೋಗವಿದ್ದ ಜಾಗದ ಮೇಲೆ ಬೀಳಬೇಕು; ಹೃದಯಕ್ಕೂ ಶ್ವಾಸಕೋಶಕ್ಕೂ ಆದಷ್ಟು ತಗುಲಬಾರದು. ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯುವುದೂ ಇಲ್ಲ. ಐದು ವಾರಗಳಲ್ಲಿ ೨೫ ಸಲ ಕೊಡುವುದು ಹಿಂದಿನ ರೂಢಿ. ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳಿಂದ ಮೂರು ವಾರಗಳಲ್ಲಿ ೧೫ ಸಲ ಸಾಕೆಂದು ತಿಳಿಯಿತು. ೨೦೨೦ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಒಂದು ವಾರದಲ್ಲಿ ೫ ಸಲ ಕೊಟ್ಟರೂ ಅನೇಕರಿಗೆ ಸಾಲುವುದೆಂದು ತೋರಿಸಿತು. ಎಷ್ಟು ಸಲವಾದರೂ ಸರಿ, ಪ್ರತಿಸಲವೂ ಮೈಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಮೆಯಾಗದಂತೆ ಅದೇ ಭಂಗಿಯಲ್ಲಿ, ತೋಳನ್ನು ತಲೆಯ ಮೇಲಕ್ಕೆತ್ತಿ ಮಲಗಿಸಬೇಕು. ಗೋಡೆಗಳಿಂದ ಹೊರಡುವ ಲೇಸರ್ ಬೆಳಕಿನ ಗೆರೆಗಳು ಚುಕ್ಕೆಗಳ ಮೇಲೆ ಬಂದು ಕೂಡಿದಾಗ ಭಂಗಿ ಸರಿಯಾಯಿತೆಂದು ತಿಳಿಯುತ್ತದೆ. ಚುಕ್ಕೆಯ ಕೆಲಸ ಇಷ್ಟೇ. ಜಮೀನನ್ನು ಅಳೆಯುವವರು ನೆಡುವ ಗಡಿಗಲ್ಲಿನಂತೆ ಅದು ಯಂತ್ರಕ್ಕೆ ದಾರಿ ತೋರಿಸುತ್ತದೆ.

ಚರ್ಮದ ಮೇಲೆ ಒಂದು ತೊಟ್ಟು ಮಸಿಯನ್ನಿಟ್ಟು ಸೂಜಿಯಿಂದ ಚುಚ್ಚಿದರೆ ಮಸಿಯ ಕಣಗಳು ಒಳಚರ್ಮದಲ್ಲಿ ನೆಲಸುತ್ತವೆ. ಶರೀರವು ಅವನ್ನು ಕರಗಿಸಲಾರದು. ಹೀಗೆ ಬಳಸುವ ಮಸಿಗೆ ಇಂಗ್ಲಿಷಿನಲ್ಲಿ 'ಇಂಡಿಯಾ ಇಂಕ್' ಎಂದು ಹೆಸರು. ಚೀನದೇಶದಲ್ಲಿ ಪ್ರಾಚೀನಕಾಲದಿಂದ ಪ್ರಸಿದ್ಧವಾದ ಕಾಡಿಗೆಯ ಮಸಿಗೆ ಐರೋಪ್ಯ ವ್ಯಾಪಾರಿಗಳ ದೆಸೆಯಿಂದ ಭಾರತದ ಹೆಸರು ಅಂಟಿಕೊಂಡಿತು. ಚುಕ್ಕೆಯಲ್ಲದೆ ಕಿರಣವು ತಾನಾಗಿಯೇ ಬಿಟ್ಟುಹೋಗುವ ಗುರುತುಗಳೂ ಉಂಟು: ಚರ್ಮವು ಕಪ್ಪಾಗುವುದು, ಗಡುಸಾಗುವುದು, ಕೆಲವು ವರ್ಷಗಳ ಮೇಲೆ ಕೆಂಪುದಾರದಂತೆ ರಕ್ತನಾಳಗಳು ಮೇಲೆ ಕಾಣಿಸಿಕೊಳ್ಳುವುದು. ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯಲ್ಲಿ ಸಾಧಾರಣ ಬೆಳಕಿನಲ್ಲಿ ಕಾಣದ ಮಸಿಯನ್ನು ಬಳಸಿ ನೋಡಿದ್ದಾರೆ. ಮೈಯ ಮೇಲ್ಮೈಯನ್ನೇ ಕ್ಯಾಮೆರಾಗಳಿಂದ ಗುರುತಿಸಿ ಚುಕ್ಕೆಯೇ ಬೇಡವೆನ್ನುವ ಉಪಕರಣಗಳು ಈಗ ಹಲವು ಆಸ್ಪತ್ರೆಗಳಲ್ಲಿವೆ. ಇವೆಲ್ಲ ಮುಂದೆ ಚಿಕಿತ್ಸೆಗೆ ಬರುವವರಿಗೆ ಉಪಕಾರ. ಆಗಲೇ ಚುಕ್ಕೆಯನ್ನು ಹೊತ್ತವರಿಗೆ ಲೇಸರಿನಿಂದ ಅದನ್ನು ಅಳಿಸಿಕೊಳ್ಳುವುದು, ಅದರ ಮೇಲೆ ಹೂವನ್ನೋ ಎಲೆಯನ್ನೋ ಬರೆಸಿಕೊಳ್ಳುವುದು, ಅಥವಾ ಇದ್ದಂತೆಯೇ ಇರಗೊಡುವುದು ಎಂಬ ಮೂರು ದಾರಿಗಳಿವೆ.

ಕನ್ನಡನಾಡಿನವರಿಗೆ ಇಲ್ಲಿ ಹಚ್ಚೆಯ ನೆನಪಾಗುವುದು ಸಹಜ. ಸೂಜಿ, ಕಾಡಿಗೆ, ಮಾಸದಿರುವಿಕೆ ಇವು ಎರಡಕ್ಕೂ ಸಮಾನ. ಆದರೆ ಹಳ್ಳಿಯ ಹಚ್ಚೆಯು ಬಯಸಿ ಪಡೆದದ್ದು. ಚುಚ್ಚುವವಳು ಹಾಡುತ್ತ ಚುಚ್ಚುತ್ತಾಳೆ. ಗೆಳತಿಯರು ಕೈ ಹಿಡಿದುಕೊಂಡಿರುತ್ತಾರೆ. ಸತ್ತಾಗ ಒಡವೆಗಳೆಲ್ಲ ಇಲ್ಲಿಯೇ ಉಳಿದರೂ ಹಚ್ಚೆಯೊಂದು ಜೊತೆಗೆ ಬರುತ್ತದೆಂಬ ನಂಬಿಕೆ ಅದರ ಹಿಂದಿದೆ. ಮಾಧ್ವರ ತಪ್ತಮುದ್ರಾಧಾರಣೆಯಲ್ಲಿಯೂ ಹೀಗೆಯೇ: ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಮೈಗೆ ಒತ್ತಿಸಿಕೊಂಡವನು ತಾನು ಯಾರವನೆಂಬುದನ್ನು ಸಾರುತ್ತಾನೆ. ಹಚ್ಚೆಯೂ ಮುದ್ರೆಯೂ ಧರಿಸಿದವರನ್ನು ಒಂದು ಮನೆಗೆ, ಒಂದು ದೈವಕ್ಕೆ ಸೇರಿಸುತ್ತವೆ. ಆಸ್ಪತ್ರೆಯ ಚುಕ್ಕೆಯು ಯಾರಿಗೂ ಸೇರಿಸುವುದಿಲ್ಲ. ಅದನ್ನು ಓದುವುದು ಯಂತ್ರ; ಯಂತ್ರವು ಓದಿ ಮುಗಿಸಿದ ಮೇಲೆ ಅದಕ್ಕೆ ಓದುವವರೇ ಇಲ್ಲ. ಮನಸ್ಸಿಗೆ ತೊಡಕಾಗುವುದು ಇದೇ. ಗುರುತು ದೊಡ್ಡದಾಗಿದ್ದರೆ ಅದಕ್ಕೆ ತಕ್ಕ ದುಃಖವನ್ನು ಪಡಬಹುದು. ಇಷ್ಟು ಸಣ್ಣದಕ್ಕೆ ಅಳುವುದು ಅತಿಯೆಂದು ಹೇಳುವವರಿದ್ದಾರೆ, ಜೀವವುಳಿದದ್ದೇ ಸಾಲದೆ ಎನ್ನುವವರೂ ಇದ್ದಾರೆ. ಆ ಮಾತನ್ನು ಕೇಳಿಸಿಕೊಂಡ ಹೆಂಗಸು ತನ್ನ ವ್ಯಥೆಗೇ ನಾಚಿ ಸುಮ್ಮನಾಗುತ್ತಾಳೆ.

೩

ಈ ರೋಗವನ್ನು ಕುರಿತ ಬರೆವಣಿಗೆಯಲ್ಲಿ ಮುಂದಾಗಿ ಎಣಿಸತಕ್ಕದ್ದು ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ ೧೯೮೦ರಲ್ಲಿ ಪ್ರಕಟಿಸಿದ 'ದಿ ಕ್ಯಾನ್ಸರ್ ಜರ್ನಲ್ಸ್'. ೧೯೭೮ರಲ್ಲಿ ಆಕೆಯ ಬಲದ ಸ್ತನವನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಆಸ್ಪತ್ರೆಯಲ್ಲಿರುವಾಗಲೇ ಒಬ್ಬ ಸ್ವಯಂಸೇವಕಿ ಬಂದು, ಬರಿದಾದ ಜಾಗಕ್ಕೆ ತುಂಬಿಕೊಳ್ಳಲು ಒಂದು ಮೆತ್ತೆಯನ್ನು ಕೊಟ್ಟಳು. ಲಾರ್ಡ್ ಅದನ್ನು ಧರಿಸಲೊಲ್ಲದೆ ವೈದ್ಯರಲ್ಲಿಗೆ ಹೋದಾಗ, ಹೀಗೆ ಬಂದರೆ ಮಿಕ್ಕ ರೋಗಿಗಳ ಧೈರ್ಯ ಕುಂದುವುದೆಂದು ಅಲ್ಲಿಯ ದಾದಿ ಆಕ್ಷೇಪಿಸಿದಳು. ಇಸ್ರೇಲಿನ ಸೇನಾನಿ ಮೋಶೆ ದಯಾನನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರೆ ಯಾರೂ ಗಾಜಿನ ಕಣ್ಣು ಹಾಕಿಕೊಳ್ಳೆಂದು ಹೇಳುವುದಿಲ್ಲ, ಅವನನ್ನು ವೀರನೆನ್ನುತ್ತಾರೆ. ಹೆಂಗಸಿಗೆ ಮಾತ್ರ ಮರೆಮಾಚುವುದು ಏಕೆ ಕರ್ತವ್ಯವಾಗಬೇಕು? ಈ ತರ್ಕವು ಆ ಗ್ರಂಥದ ಪ್ರಾಣ. ಅದಕ್ಕೆ ಉತ್ತರ ಕೊಟ್ಟವರು ಇದುವರೆಗೆ ವಿರಳ. ಆಫ್ರಿಕದ ದಹೋಮೆಯ ಸ್ತ್ರೀಯೋಧರನ್ನು ನೆನೆದು ತನ್ನ ಮೈಯನ್ನು ಆ ಪರಂಪರೆಗೆ ಸೇರಿಸಿಕೊಂಡದ್ದರಿಂದ ಆಕೆಯ ಗದ್ಯಕ್ಕೆ ಒಂದು ಬಿಗುವೂ ಕಾಂತಿಯೂ ಬಂದಿವೆ.

ಡೀನಾ ಮೆಟ್ಸ್‌ಗರ್ ಎಂಬ ಲೇಖಕಿಯ ಭಿತ್ತಿಚಿತ್ರವು ಇದೇ ಬಳಗದ್ದು. ೧೯೭೭ರಲ್ಲಿ ಸ್ತನವನ್ನು ಕಳೆದುಕೊಂಡ ಆಕೆ ಗಾಯದ ಗೆರೆಯ ಮೇಲೆ ಮರದ ಕೊಂಬೆಯೊಂದರ ಹಚ್ಚೆಯನ್ನು ಬರೆಸಿಕೊಂಡು, ತೋಳುಗಳನ್ನು ಆಕಾಶಕ್ಕೆ ಚಾಚಿ, ಬತ್ತಲೆಯೆದೆಯಲ್ಲಿ ನಿಂತಳು. ಹೆಲ್ಲಾ ಹ್ಯಾಮಿಡ್ ತೆಗೆದ ಆ ಛಾಯಾಚಿತ್ರವನ್ನು ಜನರು 'ಯೋಧೆ' ಎಂಬ ಹೆಸರಿನಿಂದ ಬಲ್ಲರು. ಇವೆರಡರಲ್ಲಿಯೂ ಸ್ಥಾಯಿಯಾಗಿರುವುದು ಉತ್ಸಾಹ, ರಸವು ವೀರ. ಇವು ಬಂದ ಕಾಲದಲ್ಲಿ ಮೌನವು ಎಷ್ಟು ದಟ್ಟವಾಗಿತ್ತೆಂಬುದನ್ನು ನೆನೆದರೆ ಇಂತಹ ಗಟ್ಟಿದನಿಯೇ ಬೇಕಾಗಿತ್ತೆನ್ನುವುದರಲ್ಲಿ ಸಂದೇಹವಿಲ್ಲ.

ಆದರೆ ವೀರರಸಕ್ಕೆ ಒಂದು ಮಿತಿಯುಂಟು. ಅದಕ್ಕೆ ಎದುರಾಳಿ ಬೇಕು, ನೋಡುವ ಸಭೆ ಬೇಕು, ಗಾಯವೂ ಕಾಣುವಷ್ಟು ದೊಡ್ಡದಾಗಿರಬೇಕು. ಸಾಸಿವೆಯಷ್ಟು ಚುಕ್ಕೆಯನ್ನು ಹೊತ್ತು ಬಚ್ಚಲುಮನೆಯಲ್ಲಿ ಒಬ್ಬಳೇ ನಿಂತ ಗೃಹಿಣಿಗೆ ಯೋಧೆಯ ವೇಷವು ಮೈಗೆ ಹೊಂದುವುದಿಲ್ಲ. ಅವಳು ಅದನ್ನು ತೊಡಲಾರದೆ ತನ್ನನ್ನು ಹೇಡಿಯೆಂದು ಭಾವಿಸಿಕೊಂಡರೆ ಮೊದಲಿನ ನಾಚಿಕೆಯ ಜಾಗದಲ್ಲಿ ಇನ್ನೊಂದು ನಾಚಿಕೆ ಬಂದು ಕುಳಿತಂತಾಯಿತು. ಲಾರ್ಡ್ ಮರೆಮಾಚುವ ಸ್ತ್ರೀಯರನ್ನು ಹೀಗಳೆಯುವುದಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆಯ್ಕೆಗೆ ಅವಕಾಶವಿಲ್ಲದಂತೆ ಒತ್ತಾಯಮಾಡುವವರ ಮೇಲೆಯೇ ಆಕೆಯ ಕೋಪ. ಆದರೂ ಗ್ರಂಥದ ಧ್ವನಿ ಅದರ ವಾದಕ್ಕಿಂತ ಬಲವಾದದ್ದು. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ತೋರಿಸುವುದೇ ಶೌರ್ಯ, ಮುಚ್ಚುವುದು ಸೋಲು ಎಂಬ ಭಾವನೆ.

ಯುದ್ಧದ ಈ ಪರಿಭಾಷೆಯನ್ನು ಎರಡು ವರ್ಷ ಮೊದಲೇ, ೧೯೭೮ರಲ್ಲಿ, ಸೂಸನ್ ಸೊಂಟಾಗ್ 'ಇಲ್ನೆಸ್ ಆ್ಯಸ್ ಮೆಟಫರ್' ಎಂಬ ಗ್ರಂಥದಲ್ಲಿ ಖಂಡಿಸಿದ್ದಳು. ಕ್ಯಾನ್ಸರು ದಂಡೆತ್ತಿ ಬರುತ್ತದೆ, ಶರೀರವು ಕೋಟೆ ಕಾಯುತ್ತದೆ, ಕಿರಣವು ವಿಮಾನದಾಳಿಯಂತೆ ಮೇಲೆ ಬೀಳುತ್ತದೆ ಎಂಬ ರೂಪಕಗಳು ರೋಗಕ್ಕೆ ಇಲ್ಲದ ಭಯಂಕರತೆಯನ್ನೂ ರೋಗಿಗೆ ಇಲ್ಲದ ಅಪರಾಧವನ್ನೂ ಹೊರಿಸುತ್ತವೆಂದು ಆಕೆಯ ವಾದ. ೧೯೭೫ರಲ್ಲಿ ತನಗೇ ಸ್ತನದ ಕ್ಯಾನ್ಸರು ಬಂದಿದ್ದರೂ ಆ ಗ್ರಂಥದಲ್ಲಿ ಆಕೆ ಅದರ ಪ್ರಸ್ತಾಪವನ್ನೇ ಮಾಡಲಿಲ್ಲ. ವಾದವು ತಿಳಿಯಾದದ್ದು, ಹಿತವಾದದ್ದು; ರೂಪಕದ ಹೊರೆಯನ್ನು ಇಳಿಸಿದ್ದು ದೊಡ್ಡ ಉಪಕಾರ. ಆದರೆ ರೂಪಕವನ್ನೆಲ್ಲ ತೊಡೆದುಹಾಕಿದರೆ ಕವಿಗೆ ಉಳಿಯುವುದೇನು? ಚುಕ್ಕೆಯು ಬರಿಯ ಚುಕ್ಕೆಯೆಂದು ಬುದ್ಧಿಗೆ ತಿಳಿಸಬಹುದು. ಬೆರಳು ಅದರ ಮೇಲೆ ಹೋದಾಗಲೆಲ್ಲ ಎದೆ ಧಸಕ್ಕೆನ್ನುವುದನ್ನು ಆ ತಿಳಿವಳಿಕೆ ತಡೆಯಲಾರದು.

ಗುರುತಿನ ಪ್ರಶ್ನೆಯನ್ನು ನೇರವಾಗಿ ಹಿಡಿದವಳು ಇಂಗ್ಲೆಂಡಿನ ಛಾಯಾಚಿತ್ರಕಾರ್ತಿ ಜೋ ಸ್ಪೆನ್ಸ್. ೧೯೮೨ರಲ್ಲಿ ಆಕೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ವೈದ್ಯನೊಬ್ಬನು ಶಿಷ್ಯರೊಡನೆ ಬಂದು, ಪರಿಚಯವನ್ನೂ ಹೇಳದೆ, ಎಡದ ಸ್ತನದ ಮೇಲ್ಭಾಗದಲ್ಲಿ ಮಸಿಯಿಂದ ಒಂದು ಅಡ್ಡಗುರುತು ಹಾಕತೊಡಗಿದನೆಂದು ಆಕೆ ಬರೆದಿದ್ದಾಳೆ. ಶಸ್ತ್ರಕ್ರಿಯೆಗೆ ಮೊದಲು ಸ್ಪೆನ್ಸ್ ತನ್ನ ಸ್ತನದ ಮೇಲೆ, ಇದು ಜೋ ಸ್ಪೆನ್ಸಳ ಸ್ವತ್ತೇ ಎಂಬರ್ಥದ ಮಾತನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ತಾನೇ ಬರೆದುಕೊಂಡು ಚಿತ್ರವನ್ನು ತೆಗೆಯಿಸಿಕೊಂಡಳು. ಆ ಪ್ರಶ್ನಾರ್ಥಕ ಚಿಹ್ನೆಯಲ್ಲಿಯೇ ಚಿತ್ರದ ಸಾಮರ್ಥ್ಯವೆಲ್ಲ ಅಡಗಿದೆ. ಅದಿಲ್ಲದಿದ್ದರೆ ಅದು ಘೋಷಣೆಯಾಗಿ ಮುಗಿಯುತ್ತಿತ್ತು. ಇರುವುದರಿಂದ ನೋಡಿದವರನ್ನು ಕಾಡುತ್ತದೆ. ತಪ್ತಮುದ್ರೆಯು ಯಾರವನೆಂಬುದಕ್ಕೆ ಉತ್ತರವನ್ನು ಕೊಡುತ್ತದೆ. ಈ ಚಿತ್ರವು ಅದೇ ಪ್ರಶ್ನೆಯನ್ನು ಉತ್ತರವಿಲ್ಲದೆ ಮುಂದಿಡುತ್ತದೆ. ಆದರೆ ಸ್ಪೆನ್ಸಳ ಮಸಿ ತೊಳೆದರೆ ಹೋಗುವಂಥದು. ಹೋಗದ ಗುರುತಿನೊಡನೆ ಹತ್ತಾರು ವರ್ಷ ಬಾಳುವುದು ಹೇಗೆಂಬುದನ್ನು ಆ ಚಿತ್ರವು ಹೇಳಲಾರದು.

೪

ಅದನ್ನು ಹೇಳಿದ ಕೀರ್ತಿ ಲೂಸಿಲ್ ಕ್ಲಿಫ್ಟನಳದು. ೧೯೩೬ರಲ್ಲಿ ಹುಟ್ಟಿ ೨೦೧೦ರಲ್ಲಿ ತೀರಿಕೊಂಡ ಈ ಅಮೆರಿಕನ್ ಕವಯಿತ್ರಿಗೆ ೧೯೯೪ರಲ್ಲಿ ಸ್ತನದ ಕ್ಯಾನ್ಸರು ಕಾಣಿಸಿಕೊಂಡಿತು. ಗಂಟನ್ನು ಮಾತ್ರ ತೆಗೆದು ಕಿರಣವನ್ನು ಕೊಟ್ಟರು. ೧೯೯೬ರ 'ದಿ ಟೆರಿಬಲ್ ಸ್ಟೋರೀಸ್' ಸಂಕಲನದಲ್ಲಿ ಈ ಅನುಭವದಿಂದ ಹುಟ್ಟಿದ ಸಣ್ಣ ಕವಿತೆಗಳ ಒಂದು ಮಾಲೆಯಿದೆ. ಯಾವುದೂ ಒಂದು ಪುಟವನ್ನು ದಾಟುವುದಿಲ್ಲ. ದೊಡ್ಡಕ್ಷರಗಳಿಲ್ಲ, ಪ್ರಾಸದ ಹಂಗಿಲ್ಲ, ಪದಗಳು ಮನೆಮಾತಿನವು.

ಅವುಗಳಲ್ಲೊಂದು ದಹೋಮೆಯ ಯೋಧೆಯರನ್ನೇ ಕುರಿತದ್ದು. ೧೯೯೨ರಲ್ಲಿ ತೀರಿಕೊಂಡಿದ್ದ ಲಾರ್ಡಳೂ ಆ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಹಿರಿಯಳಿಗೆ ಸಲ್ಲಿಸಿದ ಗೌರವವಿದು. ಆದರೆ ಕ್ಲಿಫ್ಟನಳು ಆ ಗುಂಪಿನ ಆಯುಧವನ್ನು ಎತ್ತಿಕೊಳ್ಳುವುದಿಲ್ಲ. ಕಿರಣಚಿಕಿತ್ಸೆಯನ್ನು ಕುರಿತ ಮತ್ತೊಂದು ಕವಿತೆಗೆ ಚೀನದ ಪ್ರಾಚೀನ ಶಕುನಗ್ರಂಥವಾದ 'ಐ ಚಿಂಗ್' ಚೌಕಟ್ಟನ್ನು ಒದಗಿಸಿದೆ. ಶಕುನ ಹೇಳುವವರು ಮುಂದೆ ಆಗುವುದನ್ನು ಹೇಳುವ ರೀತಿಯಲ್ಲಿ, ಪ್ರತಿದಿನ ಬೆಳಿಗ್ಗೆ ಹೊರಡುವುದು, ರಾಜಧಾನಿಗೆ ಪಯಣಿಸುವುದು, ಚಿಕಿತ್ಸೆಯ ಮನೆಯನ್ನು ಸೇರುವುದು ಎಂದು ಅದು ಸಾಗುತ್ತದೆ; ನಡುನಡುವೆ ಉತ್ತರವಿಲ್ಲದ ಪ್ರಶ್ನೆಗಳು ಬರುತ್ತವೆ. ಯುದ್ಧದ ರೂಪಕವು ಕೊಡಲಾರದಿದ್ದದ್ದನ್ನು ಈ ರಚನೆ ಕೊಡುತ್ತದೆ. ಕಿರಣಚಿಕಿತ್ಸೆಯ ನಿಜವಾದ ಸ್ವಭಾವವು ದಿನದಿನದ ಆವೃತ್ತಿ: ಅದೇ ಬಸ್ಸು, ಅದೇ ಬೆಂಚು, ಅದೇ ಭಂಗಿ, ಕೆಲವೇ ನಿಮಿಷಗಳ ನಿಶ್ಶಬ್ದ. ಜಿಲ್ಲೆಯ ಊರುಗಳಿಂದ ಬೆಂಗಳೂರಿಗೆ ಬಂದು, ಛತ್ರದಲ್ಲೋ ನೆಂಟರ ಮನೆಯಲ್ಲೋ ವಾರಗಟ್ಟಲೆ ಇಳಿದುಕೊಂಡು ಚಿಕಿತ್ಸೆ ಪಡೆಯುವ ಕನ್ನಡದ ಹೆಂಗಸರಿಗೆ ಈ ಆವೃತ್ತಿ ಚೆನ್ನಾಗಿ ತಿಳಿದದ್ದು. ಅದು ಜಪಕ್ಕೆ ಹತ್ತಿರವಾದದ್ದು, ಕಾಳಗಕ್ಕೆ ದೂರವಾದದ್ದು.

ಮಾಲೆಯ ಶ್ರೇಷ್ಠ ಕವಿತೆ ಗಾಯದ ಕಲೆಯನ್ನು ಕುರಿತದ್ದು. ಕವಯಿತ್ರಿ ಕಲೆಯನ್ನೇ ಸಂಬೋಧಿಸಿ, ಇಬ್ಬರೂ ಕೂಡಿ ಬಾಳುವುದನ್ನು ಕಲಿಯಬೇಕಾಗಿದೆಯೆಂದು ಹೇಳಿ, ತಾನು ಅದಕ್ಕೆ ಇಡುವ ಹೆಸರುಗಳನ್ನು ಪಟ್ಟಿಮಾಡುತ್ತಾಳೆ. ಆಮೇಲೆ ತನ್ನನ್ನು ಅದು ಏನೆಂದು ಕರೆಯುವುದೆಂದು ಕೇಳುತ್ತಾಳೆ. ಕಡೆಯ ಮಾತು ಕಲೆಯದು: ಅದು ಸವಾರ, ಹೆಂಗಸು ಕುದುರೆ, ಇಳಿಯುವ ಸಂಭವವಿಲ್ಲ. ಇಲ್ಲಿ ಗೆಲವೂ ಇಲ್ಲ, ಸೋಲೂ ಇಲ್ಲ. ಕಲೆಯನ್ನು ಭೂಷಣವೆಂದು ಹೊಗಳುವ ಪ್ರಯತ್ನವಿಲ್ಲ. ಶತ್ರುವೆಂದು ಬಯ್ಯುವುದೂ ಇಲ್ಲ. ಒಂದೇ ಮನೆಯಲ್ಲಿ ಬಹುಕಾಲ ಇರಬೇಕಾದ ಇಬ್ಬರು ಮೊದಲ ದಿನ ಪರಸ್ಪರ ಹೆಸರು ಕೇಳಿಕೊಳ್ಳುವಂತಿದೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎಣಿಸಿದನು. ವಸ್ತುವಿನ ಪ್ರಮಾಣಕ್ಕೆ ತಕ್ಕ ದನಿಯನ್ನು ಕಂಡುಕೊಳ್ಳುವುದು ಔಚಿತ್ಯವಾದರೆ, ಈ ವಿಷಯದಲ್ಲಿ ಅದು ಸಿದ್ಧಿಸಿರುವುದು ಲಾರ್ಡಳ ವೀರಗದ್ಯಕ್ಕಿಂತ ಹೆಚ್ಚಾಗಿ ಕ್ಲಿಫ್ಟನಳ ಈ ಕೆಲವು ಪಂಕ್ತಿಗಳಲ್ಲಿ.

ಕವಿತೆಯು ಗಾಯದ ಗೆರೆಯನ್ನು ಕುರಿತದ್ದೇ ಹೊರತು ಮಸಿಯ ಚುಕ್ಕೆಯನ್ನು ಕುರಿತದ್ದಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೆ. ಗಾಯದ ಗೆರೆಯು ಶರೀರವು ತಾನೇ ಹೆಣೆದದ್ದು; ಚುಕ್ಕೆಯು ಹೊರಗಿನಿಂದ ಬಂದು ನಿಂತದ್ದು. ಗೆರೆಗೆ ಒಂದು ಕಥೆಯಾದರೂ ಉಂಟು, ಚುಕ್ಕೆಗೆ ಅದೂ ಇಲ್ಲ. ಆದರೆ ಕ್ಲಿಫ್ಟನಳು ತೋರಿಸಿದ ವಿಧಾನವು ಎರಡಕ್ಕೂ ಸಲ್ಲುತ್ತದೆ. ಹೆಸರಿಡುವುದು, ಮಾತನಾಡಿಸುವುದು, ಉತ್ತರವು ಹಿತವಲ್ಲದಿದ್ದರೂ ಕೇಳಿಸಿಕೊಳ್ಳುವುದು, ಇವಕ್ಕೆ ಗುರುತಿನ ಅಳತೆ ಮುಖ್ಯವಲ್ಲ. ಕಥೆಯಿಲ್ಲದ ಗುರುತಿಗೆ ಕವಿಯು ಇಲ್ಲದ ಕಥೆಯನ್ನು ಕಟ್ಟಬೇಕಾಗಿಯೂ ಇಲ್ಲ. ಅದರೊಡನೆ ಒಂದು ಸಂಬಂಧವನ್ನು ಕಟ್ಟಿದರೆ ಸಾಕು.

೫

ಕನ್ನಡದಲ್ಲಿ ಈ ವಿಷಯವನ್ನು ಕುರಿತ ಬರೆವಣಿಗೆ ಇನ್ನೂ ಕಡಮೆ. ಬಿ. ವಿ. ಭಾರತಿಯವರ 'ಸಾಸಿವೆ ತಂದವಳು' ಸ್ತನದ ಕ್ಯಾನ್ಸರಿನ ಅನುಭವಕಥನವಾಗಿ ಗಣನೀಯವಾದದ್ದು. ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿದ ಕಿಸಾಗೋತಮಿಯ ಕಥೆಯನ್ನು ಅದರ ಹೆಸರು ನೆನಪಿಗೆ ತರುತ್ತದೆ. ಪರದೇಶದ ಯೋಧೆಯರ ಕಡೆಗೆ ನೋಡದೆ ಮನೆಮನೆಯ ಬಾಗಿಲಿಗೆ ಹೋದ ತಾಯಿಯೊಬ್ಬಳನ್ನು ಆರಿಸಿಕೊಂಡದ್ದರಲ್ಲಿಯೇ ಈ ನೆಲದ ಮನೋಧರ್ಮ ಕಾಣುತ್ತದೆ. ಆ ಕಥೆಯಲ್ಲಿ ದುಃಖವು ನೀಗುವುದಿಲ್ಲ. ದುಃಖಪಡುವವಳು ತಾನೊಬ್ಬಳೇ ಎಂಬ ಭ್ರಮೆ ನೀಗುತ್ತದೆ.

ಸಾಹಿತ್ಯವು ಇಂತಹ ವಿಷಯದಲ್ಲಿ ಮಾಡಬಹುದಾದದ್ದು ಅಷ್ಟೇ. ಅದು ಸ್ವಲ್ಪವೇನೂ ಅಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಈ ರೋಗದ ಹೆಸರನ್ನು ಪಿಸುಮಾತಿನಲ್ಲಿ ಹೇಳುವ ರೂಢಿ ಹೋಗಿಲ್ಲ. ಚಿಕಿತ್ಸೆಯ ಖರ್ಚನ್ನು ಕುರಿತು ಮಾತನಾಡುವವರು ಎದೆಯ ಮೇಲಣ ಚುಕ್ಕೆಯನ್ನು ಕುರಿತು ಮಾತನಾಡುವುದಿಲ್ಲ; ಗಂಡನು ಕೇಳಲು ಅಂಜುತ್ತಾನೆ, ಹೆಂಡತಿ ಹೇಳಲು ಅಂಜುತ್ತಾಳೆ, ಮಗಳು ಕಂಡೂ ಕಾಣದಂತಿರುತ್ತಾಳೆ. ಇಂತಹ ಮನೆಗೆ ಶೌರ್ಯದ ಉಪದೇಶಕ್ಕಿಂತ ಒಂದು ಸರಿಯಾದ ಪದವು ಹೆಚ್ಚು ಪ್ರಯೋಜನಕಾರಿ. ಹಳ್ಳಿಯ ಹಚ್ಚೆಗೆ ಆ ಪದಗಳಿದ್ದುವು: ಪ್ರತಿಯೊಂದು ಬಳ್ಳಿಗೂ ಬಿಂದುವಿಗೂ ಹೆಸರಿತ್ತು, ಹಾಡಿತ್ತು, ಹಾಡುವವಳಿದ್ದಳು. ಆಸ್ಪತ್ರೆಯ ಚುಕ್ಕೆಯನ್ನು ಚುಚ್ಚುವಾಗ ಹಾಡುವವರಿಲ್ಲ. ಆ ಹಾಡನ್ನು ತಡವಾಗಿಯಾದರೂ ಒದಗಿಸುವುದು ಕವಿಗಳ ಪಾಲಿಗೆ ಬಂದ ಕೆಲಸ.

ಚುಕ್ಕೆಯನ್ನು ಅಳಿಸಿಕೊಳ್ಳುವವರು ಅಳಿಸಿಕೊಳ್ಳಲಿ. ಅದರ ಸುತ್ತ ಹೂವನ್ನು ಬರೆಸಿಕೊಳ್ಳುವವರು ಬರೆಸಿಕೊಳ್ಳಲಿ. ರವಿಕೆಯ ಕೊರಳನ್ನು ಎರಡು ಬೆರಳು ಮೇಲಕ್ಕೆ ಹೊಲಿಸಿಕೊಳ್ಳುವವರು ಹಾಗೆಯೇ ಮಾಡಲಿ. ಇವುಗಳಲ್ಲಿ ಯಾವುದೂ ವಿಮರ್ಶಕರು ತೂಗಿ ತೀರ್ಪು ಕೊಡತಕ್ಕ ವಿಷಯವಲ್ಲ. ಬರೆಹದ ವಿಷಯದಲ್ಲಾದರೆ ತೀರ್ಪನ್ನು ಕೊಡಬಹುದು: ಮೈಯ ಗುರುತನ್ನು ಕಂಡು ಅದಕ್ಕೆ ಅದರ ಅಳತೆಯ ಮಾತನ್ನೇ ಕೊಡುವ ಬರೆಹವು ಉತ್ತಮವಾದದ್ದು. ಲಾರ್ಡಳ ಧೈರ್ಯವೂ ಸ್ಪೆನ್ಸಳ ಪ್ರಶ್ನೆಯೂ ಇಲ್ಲದಿದ್ದರೆ ಕ್ಲಿಫ್ಟನಳ ಶಾಂತವಾದ ಮಾತಿಗೆ ಅವಕಾಶವೇ ಇರುತ್ತಿರಲಿಲ್ಲವೆಂಬುದು ನಿಜ. ಆದರೂ ದಿನನಿತ್ಯದ ಬಾಳಿಗೆ ಜೊತೆಯಾಗಿ ಬರುವಂಥದು ಆ ಶಾಂತವಾದ ಮಾತು. ಕನ್ನಡದ ಕವಯಿತ್ರಿಯರಲ್ಲಿ ಯಾರಾದರೂ ಅದನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿ ಹಾಡುವರೆಂದು ಆಶಿಸುವುದು ಅತ್ಯಾಶೆಯಲ್ಲ.